ಮುಖ ಕಳಚಿದರೆ ಒಳಗೆ ಯಾರು?

ಎಂಟನೆಯ ತರಗತಿಯ ಹುಡುಗನೊಬ್ಬ ಶಾಲೆಗೆ ತಂದಿದ್ದ ಗೊಂಬೆಯ ಸುತ್ತ ಬಿಡುವಿನ ವೇಳೆಯಲ್ಲಿ ದೊಡ್ಡ ಗುಂಪೇ ಸೇರಿತ್ತು. ಅಂಗೈ ಉದ್ದದ ಪ್ಲಾಸ್ಟಿಕ್ ಯಂತ್ರಮಾನವ. ಉಗುರಿನಿಂದ ಮೀಟಿದರೆ ಮನುಷ್ಯನ ಮುಖ ಟಿಕ್ ಎಂದು ಕಳಚಿಕೊಳ್ಳುತ್ತದೆ. ಒಳಗಿರುವುದು ಬೂದುಬಣ್ಣದ ಲೋಹದ ಮುಖ, ಕೆಂಪು ಚುಕ್ಕೆಯ ಕಣ್ಣು. "ಸಾರ್, ಒಂದು ಗೊಂಬೆಗೆ ಎರಡು ಮುಖ ಮಾಡೋ ಖರ್ಚು ಯಾಕೆ? ಒಳಗಿಂದೇ ಸಾಕಾಗಿತ್ತಲ್ವಾ?" ಎಂದು ಹುಡುಗಿಯೊಬ್ಬಳು ಕೇಳಿದಳು. ಖರ್ಚಿನ ಲೆಕ್ಕದಿಂದ ಹೊರಟರೂ ಈ ಪ್ರಶ್ನೆ ಸಣ್ಣದಲ್ಲ. ಕಳಚುವ ಒಂದು ಮುಖವನ್ನು ಕೂರಿಸುವಾಗ ಗೊಂಬೆ ಮಾಡುವವನು ಕಥೆ, ಅಳತೆ, ಅಚ್ಚು, ಬೆಸುಗೆ, ಮಗುವಿನ ಜೀವ ಇವಿಷ್ಟನ್ನೂ ಒಟ್ಟಿಗೆ ಯೋಚಿಸಬೇಕಾಗುತ್ತದೆ.

ಮೊದಲು ಕಥೆ. ಯಂತ್ರಮಾನವನಿಗೆ ಮನುಷ್ಯನ ಮುಖ ಹೊದಿಸುವ ಕಲ್ಪನೆ ಸಿನಿಮಾದಷ್ಟೇ ಹಳೆಯದೆನ್ನಬಹುದು. ಫ್ರಿಟ್ಜ್ ಲ್ಯಾಂಗ್ ನಿರ್ದೇಶಿಸಿದ ಜರ್ಮನಿಯ ಮೂಕಿಚಿತ್ರ 'ಮೆಟ್ರೊಪೊಲಿಸ್' 1927ರಲ್ಲಿ ತೆರೆಕಂಡಿತು. ಅದರಲ್ಲಿ ವಿಜ್ಞಾನಿಯೊಬ್ಬ ಲೋಹದ ಹೆಣ್ಣು ಯಂತ್ರಕ್ಕೆ ಮರಿಯಾ ಎಂಬಾಕೆಯ ರೂಪ ಕೊಡುತ್ತಾನೆ. 1973ರ 'ವೆಸ್ಟ್‌ವರ್ಲ್ಡ್' ಚಿತ್ರದಲ್ಲಿ ಯೂಲ್ ಬ್ರಿನ್ನರ್ ವಹಿಸಿದ ಬಂದೂಕುಧಾರಿಯ ಮುಖ ಮುಚ್ಚಳದಂತೆ ತೆರೆದುಕೊಂಡು ಒಳಗಿನ ವೈರುಗಳು ಕಾಣುತ್ತವೆ. 1984ರ 'ಟರ್ಮಿನೇಟರ್'ನಲ್ಲಿ ಚರ್ಮ ಹರಿದಂತೆಲ್ಲ ಉಕ್ಕಿನ ತಲೆಬುರುಡೆ ಹೊರಬರುತ್ತದೆ. 2010ರಲ್ಲಿ ಬಂದ ಶಂಕರ್ ಅವರ 'ಎಂದಿರನ್' ನಮ್ಮ ಮಕ್ಕಳಿಗೆ ಇವೆಲ್ಲಕ್ಕಿಂತ ಹತ್ತಿರದ್ದು. ಅದರ ಚಿಟ್ಟಿಗೆ ರಜನಿಕಾಂತ್ ಅವರ ಮುಖವಿದ್ದರೂ ಒಳಗಿರುವುದು ಲೋಹವೇ.

ಈ ಸಾಲಿನಲ್ಲಿ 1987ರ 'ರೋಬೊಕಾಪ್' ತಿರುವುಮುರುವು. ಅಲ್ಲಿ ಹೊರಗೆ ಲೋಹದ ಶಿರಸ್ತ್ರಾಣ, ಒಳಗೆ ಸತ್ತು ಬದುಕಿದ ಪೊಲೀಸಿನವನ ಮುಖ. ಟರ್ಮಿನೇಟರನ ಮುಖ ಕಳಚಿದರೆ 'ಅಯ್ಯೋ, ಇದು ಯಂತ್ರ' ಎಂದು ಬೆಚ್ಚುತ್ತೇವೆ. ರೋಬೊಕಾಪ್‌ನ ಶಿರಸ್ತ್ರಾಣ ತೆಗೆದರೆ 'ಪಾಪ, ಇವನು ಮನುಷ್ಯ' ಎಂದು ಮರುಗುತ್ತೇವೆ. ಹೊರಗಿನದು ಸುಳ್ಳು, ಒಳಗಿನದು ನಿಜ ಎಂಬುದು ಎರಡರಲ್ಲೂ ಒಂದೇ. ಮಗು ಆ ಗೊಂಬೆಗಳನ್ನು ಕೊಳ್ಳುವುದು ಈ ಒಂದು ಕ್ಷಣವನ್ನು ತನ್ನ ಕೈಯಿಂದಲೇ ಮತ್ತೆಮತ್ತೆ ಮಾಡಿನೋಡುವುದಕ್ಕೆ. ಒಳಗಿನ ಮುಖವೊಂದೇ ಸಾಕಾಗುವುದಿಲ್ಲ ಎಂಬುದಕ್ಕೆ ಕಾರಣ ಇದೇ.

ನಮ್ಮ ಸೀಮೆಯಲ್ಲಿ ಇದಕ್ಕೆ ಪೂರಾ ವಿರುದ್ಧವಾದ ಮುಖವಿದೆ. ತುಮಕೂರು ಜಿಲ್ಲೆಯಲ್ಲಿ, ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳ ಗ್ರಾಮದೇವತೆಯ ಹಬ್ಬ ನೋಡಿದವರಿಗೆ ಸೋಮನ ಕುಣಿತ ಗೊತ್ತಿರುತ್ತದೆ. ಮರದಲ್ಲಿ ಕೆತ್ತಿ ಕೆಂಪು, ಹಳದಿ ಬಣ್ಣ ಬಳಿದ ದೊಡ್ಡ ಮುಖ, ತಲೆಯ ಮೇಲೆ ಹೂವು, ಬೇವಿನಸೊಪ್ಪು. ಪೂಜೆಯಾಗದೆ ಅದನ್ನು ಕಟ್ಟುವುದಿಲ್ಲ. ಮುಖ ಕಟ್ಟಿದ ಮೇಲೆ ಒಳಗಿರುವವನು ನಮ್ಮೂರ ಇಂಥವನ ಮಗ ಎಂದು ಯಾರೂ ಹೇಳುವುದಿಲ್ಲ, ಅವನು ಸೋಮ. ಕುಣಿಯುವವರು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಾರೆ, ಮುಖ ಹಾಗೆಯೇ ಉಳಿಯುತ್ತದೆ. ಇಲ್ಲಿ ಹೊರಗಿನ ಮುಖವೇ ನಿಜ, ಒಳಗಿನದು ಗೌಣ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ವ್ರತಕ್ಕೆ ಕಲಶದ ಮೇಲಿನ ತೆಂಗಿನಕಾಯಿಗೆ ಬೆಳ್ಳಿಯ ಮುಖವಾಡ ಕಟ್ಟುವ ಮನೆಗಳಲ್ಲೂ ಅಷ್ಟೇ, ಮುಖ ಕಟ್ಟಿದ ಗಳಿಗೆಯಿಂದ ಅದು ಕಾಯಲ್ಲ, ದೇವಿ. ಮುಂದೆ ಅಳತೆಯ, ಬೆಸುಗೆಯ ಮಾತು ಬಂದಾಗ ಈ ಎರಡು ಮುಖಗಳೂ ನಮ್ಮ ಉಪಯೋಗಕ್ಕೆ ಬರುತ್ತವೆ.

ತೆಂಗಿನಕಾಯಿ ಮತ್ತು ಅಡಿಕೆ

ಸಿನಿಮಾದಲ್ಲಿ ಸುಲಭವಾದದ್ದು ಗೊಂಬೆಯಲ್ಲಿ ಕಷ್ಟ. ಕಾರಣ ಕೇವಲ ಅಂಕಗಣಿತ.

ಮುಖ ಕಳಚುವ ಯಂತ್ರಮಾನವ ಗೊಂಬೆಗಳಲ್ಲಿ ಹೆಸರುವಾಸಿಯಾದುದು ಅಮೆರಿಕದ ಕೆನ್ನರ್ ಕಂಪನಿ 1970ರ ದಶಕದಲ್ಲಿ ಹೊರತಂದ 'ಮಾಸ್ಕಟ್ರಾನ್'. ಇದು ಸಿನಿಮಾದ್ದಲ್ಲ, 'ಸಿಕ್ಸ್ ಮಿಲಿಯನ್ ಡಾಲರ್ ಮ್ಯಾನ್' ಎಂಬ ಟೆಲಿವಿಷನ್ ಧಾರಾವಾಹಿಯ ಗೊಂಬೆಗಳ ಸಾಲಿಗೆ ಸೇರಿದ್ದು. ಅದಕ್ಕೆ ಮೂರು ಮುಖಗಳು: ಒಂದು ಅದರದೇ, ಒಂದು ನಾಯಕನದು, ಇನ್ನೊಂದು ನಾಯಕನ ಮೇಲಧಿಕಾರಿಯದು. ಮುಖ ತೆಗೆದರೆ ಒಳಗೆ ಯಂತ್ರ. ಆ ಸಾಲಿನ ಗೊಂಬೆಗಳು ಒಂದಡಿಗಿಂತ ತುಸು ಎತ್ತರ, ಸುಮಾರು 33 ಸೆಂಟಿಮೀಟರು. 1978ರಲ್ಲಿ ಅದೇ ಕಂಪನಿ 'ಸ್ಟಾರ್ ವಾರ್ಸ್' ಚಿತ್ರದ ಗೊಂಬೆಗಳನ್ನು ಮಾಡಿದಾಗ ಎತ್ತರವನ್ನು ಸುಮಾರು ಒಂಬತ್ತೂವರೆ ಸೆಂಟಿಮೀಟರಿಗೆ ಇಳಿಸಿತು. ಪುಟ್ಟ ಗೊಂಬೆಯಾದರೆ ಪ್ಲಾಸ್ಟಿಕ್ ಕಡಿಮೆ, ಬೆಲೆ ಕಡಿಮೆ, ಜೊತೆಗೆ ಗೊಂಬೆ ಕೂರುವ ವಿಮಾನವನ್ನೂ ಮಾಡಿ ಮಾರಬಹುದು. ಆ ಅಳತೆ ಜಗತ್ತಿನಾದ್ಯಂತ ಬೇರೂರಿತು.

ಈಗ ಲೆಕ್ಕ ಹಾಕಿ. ಚಿತ್ರಕಲೆಯ ಮೇಷ್ಟ್ರು ಹೇಳಿಕೊಡುವಂತೆ ವಯಸ್ಕನ ಎತ್ತರ ಅವನ ತಲೆಯ ಸುಮಾರು ಏಳೂವರೆ ಪಟ್ಟು. ತಲೆಯ ಅಗಲ ಅದರ ಉದ್ದದ ಮೂರರಲ್ಲಿ ಎರಡು ಭಾಗವೆಂದಿಟ್ಟುಕೊಳ್ಳೋಣ. 33 ಸೆಂಟಿಮೀಟರಿನ ಗೊಂಬೆಗೆ ತಲೆಯುದ್ದ 44 ಮಿಲಿಮೀಟರು, ಅಗಲ 29. ಒಂಬತ್ತೂವರೆ ಸೆಂಟಿಮೀಟರಿನದಕ್ಕೆ ಉದ್ದ ಹದಿಮೂರಕ್ಕೂ ಕಡಿಮೆ, ಅಗಲ ಎಂಟೂವರೆ ಮಿಲಿಮೀಟರು ಮಾತ್ರ. ಮುಖವಾಡದ ದಪ್ಪವನ್ನು ಇದೇ ಪ್ರಮಾಣದಲ್ಲಿ ಇಳಿಸುವಂತಿಲ್ಲ. ಕರಗಿದ ಪ್ಲಾಸ್ಟಿಕ್ ಅಚ್ಚಿನ ಮೂಲೆಮೂಲೆಗೆ ಹರಿಯಬೇಕು, ಆರಿದ ಮೇಲೆ ಮುರಿಯದಂತಿರಬೇಕು. ಒಂದು ಮಿಲಿಮೀಟರಾದರೂ ಬೇಕೆಂದುಕೊಂಡರೆ ಎರಡು ಕೆನ್ನೆಗೂ ಸೇರಿ ಎರಡು ಮಿಲಿಮೀಟರು. ದೊಡ್ಡ ಗೊಂಬೆಯ ತಲೆ ಇದರಿಂದ ಶೇಕಡಾ 7ರಷ್ಟು ಅಗಲವಾಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಚಿಕ್ಕದು ಶೇಕಡಾ 23ಕ್ಕೂ ಹೆಚ್ಚು ಅಗಲವಾಗಿ ಕುಂಬಳಕಾಯಿ ತಲೆಯಾಗುತ್ತದೆ. ತೆಂಗಿನಕಾಯಿಗೆ ಒಂದು ಪದರ ಮೇಣ ಬಳಿದರೆ ಗೊತ್ತಾಗುವುದಿಲ್ಲ, ಅದೇ ಪದರವನ್ನು ಅಡಿಕೆಗೆ ಬಳಿದು ನೋಡಿ.

ಇದರಿಂದ ತಪ್ಪಿಸಿಕೊಳ್ಳಲು ವಿನ್ಯಾಸಕಾರನಿಗೆ ಕೆಲವು ದಾರಿಗಳಿವೆ, ಪ್ರತಿಯೊಂದಕ್ಕೂ ಬೆಲೆ ತೆರಬೇಕು. ಒಳಗಿನ ತಲೆಯನ್ನೇ ಚಿಕ್ಕದು ಮಾಡಬಹುದು. ಆಗ ಮುಖವಾಡ ತೆಗೆದಾಗ ಭುಜದ ಮೇಲೆ ಗುಬ್ಬಚ್ಚಿಯ ತಲೆ ಉಳಿಯುತ್ತದೆ (ಗುಬ್ಬಿಯವರು ಬೇಸರಿಸಬಾರದು). ಕಿವಿಯ ಮುಂಭಾಗಕ್ಕೆ ಮಾತ್ರ ಮುಖವಾಡ ನಿಲ್ಲಿಸಿದರೆ ಅಗಲ ಹೆಚ್ಚುವುದಿಲ್ಲ, ಆದರೆ ಕೆನ್ನೆಯ ಉದ್ದಕ್ಕೂ ಗೆರೆ ಕಾಣುತ್ತದೆ. ಮೂರನೆಯ ದಾರಿ, ತಲೆಯ ಮುಂಭಾಗವನ್ನು ಕತ್ತರಿಸಿದಂತೆ ಚಪ್ಪಟೆ ಬಿಟ್ಟು ಮನುಷ್ಯಮುಖವನ್ನೋ ಯಂತ್ರಮುಖವನ್ನೋ ಬದಲಿಸಿ ಸಿಕ್ಕಿಸುವುದು. ಜಪಾನಿನ 'ನೆಂಡೊರಾಯ್ಡ್' ಗೊಂಬೆಗಳು ನಗುವ ಮುಖ, ಸಿಟ್ಟಿನ ಮುಖ ಎಂದು ಬದಲಾಯಿಸುವುದು ಹೀಗೆ. ಇಲ್ಲಿ ಅಳತೆ ಸರಿಹೋಗುತ್ತದೆ, ಆದರೆ 'ಒಳಗೆ' ಎಂಬುದೇ ಇಲ್ಲವಾಗುತ್ತದೆ. ನನ್ನ ದೃಷ್ಟಿಯಲ್ಲಿ ಯಂತ್ರಮಾನವನ ಗೊಂಬೆಗೆ ಇದು ಹೊಂದುವುದಿಲ್ಲ. ಮುಖದ ಕೆಳಗೆ ಯಂತ್ರ ಅಡಗಿದೆ ಎಂಬುದೇ ಕಥೆಯಾಗಿರುವಾಗ ಒಂದನ್ನು ಜೇಬಿಗೆ ಹಾಕಿ ಇನ್ನೊಂದನ್ನು ಸಿಕ್ಕಿಸುವುದು ಮೋಸವೆನಿಸುತ್ತದೆ. ರೋಬೊಕಾಪ್ ಮಾಡುವವರಿಗೆ ಈ ತಲೆನೋವು ಕಡಿಮೆ. ಶಿರಸ್ತ್ರಾಣ ತೊಟ್ಟ ತಲೆ ದಪ್ಪಗಿರುವುದು ಸಹಜವೇ ಆದ್ದರಿಂದ ಕಥೆಯೇ ಅವರಿಗೆ ಎರಡು ಮಿಲಿಮೀಟರು ಜಾಗ ಬಿಟ್ಟುಕೊಟ್ಟಿದೆ.

ಸೋಮನಿಗಂತೂ ಈ ಸಮಸ್ಯೆಯೇ ಇಲ್ಲ. ಅವನ ಮುಖ ಮನುಷ್ಯನದಕ್ಕಿಂತ ದೊಡ್ಡದಾಗಿ ಕಾಣಬೇಕೆಂಬುದೇ ಉದ್ದೇಶ.

ಇಡ್ಲಿ ತಟ್ಟೆಯ ಪಾಠ

ಇನ್ನು ಅಚ್ಚು. ಇಡ್ಲಿ ಸಲೀಸಾಗಿ ಎದ್ದು ಬರುವುದೇಕೆ? ತಟ್ಟೆಯ ಗುಳಿ ತಳದಲ್ಲಿ ಕಿರಿದು, ಬಾಯಿಯಲ್ಲಿ ಅಗಲ. ಬಿಂದಿಗೆಯಂಥ ಪಾತ್ರೆಯಲ್ಲಿ ಇಡ್ಲಿ ಬೇಯಿಸಿದರೆ ಮುರಿದೇ ತೆಗೆಯಬೇಕು. ಪ್ಲಾಸ್ಟಿಕ್ ಗೊಂಬೆಯ ಉಕ್ಕಿನ ಅಚ್ಚಿಗೂ ಇದೇ ನಿಯಮ. ಇಡೀ ತಲೆಯನ್ನು ಒಂದೇ ಗುಳಿಯಲ್ಲಿ ಎರೆಯಲಾಗದು, ಎರಡು ಹೋಳಿನ ಅಚ್ಚು ಬೇಕು. ಹೋಳುಗಳು ಕೂಡುವಲ್ಲಿ ಕಿವಿಯ ಮೇಲೆ ಒಂದು ಗೆರೆ ಉಳಿಯುತ್ತದೆ. ಮುಖ ಮಾತ್ರವಾದರೆ ಅದು ಆಳವಿಲ್ಲದ ಬಟ್ಟಲು, ಇಡ್ಲಿಯಂತೆ ಎದ್ದು ಬರುತ್ತದೆ. ಮೂಗಿನ ಹೊಳ್ಳೆ, ತುಟಿಯ ಕೆಳಗಿನ ತಗ್ಗು ಇವನ್ನು ಮಾತ್ರ ಅಚ್ಚಿಗೆ ಸಿಕ್ಕಿಕೊಳ್ಳದಂತೆ ತೀಡಬೇಕು.

ಮಾಡುವ ವಿಧಾನ ಮುಖದ ಆಕಾರವನ್ನು ಹೇಗೆ ನಿರ್ಧರಿಸುತ್ತದೆ ಎನ್ನುವುದಕ್ಕೆ ಕುಣಿಗಲ್ಲಿನಿಂದ ಬಹಳ ದೂರವಿಲ್ಲದ ಚನ್ನಪಟ್ಟಣದ ಗೊಂಬೆಗಳನ್ನು ನೋಡಬೇಕು. ಹಾಲೆ ಮರವನ್ನು ಲೇತಿನಲ್ಲಿ ತಿರುಗಿಸಿ ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ ಮಾಡುವ ಗೊಂಬೆಗಳವು. ತಿರುಗುವ ಮರದಲ್ಲಿ ಒಂದು ಬದಿಗೆ ಮಾತ್ರ ಮೂಗು ಎಬ್ಬಿಸುವುದು ಹೇಗೆ? ಅದಕ್ಕೇ ಆ ಗೊಂಬೆಗಳ ತಲೆ ನುಣ್ಣಗಿನ ಗುಂಡು, ಮುಖವೇನಿದ್ದರೂ ಕುಂಚದ ಕೆಲಸ. ಲೇತಿನ ಗೊಂಬೆಯ ಮುಖ ಕಳಚುವುದಿಲ್ಲ, ಹೆಚ್ಚೆಂದರೆ ಅಳಿಸಿಹೋಗುತ್ತದೆ.

ಕಣ್ಣಿನ ವಿಷಯ ಸ್ವಲ್ಪ ಸೂಕ್ಷ್ಮ. ಮುಖವಾಡಕ್ಕೆ ಕಣ್ಣು ಬರೆಯಬೇಕೆ, ತೂತು ಬಿಡಬೇಕೆ? ತೂತು ಬಿಟ್ಟರೆ ಒಳಗಿನ ಯಂತ್ರದ ಕಣ್ಣೇ ಹೊರಗಿಣುಕುತ್ತದೆ, ಕಥೆಗೆ ಒಪ್ಪುತ್ತದೆ. ಆದರೆ ಒಳಗಿನ ಕಣ್ಣು ಒಂದು ಮಿಲಿಮೀಟರು ಹಿಂದಿರುವುದರಿಂದ ಓರೆಯಿಂದ ನೋಡಿದಾಗ ತೂತಿಗೂ ಕಣ್ಣಿಗೂ ತಾಳೆಯಾಗದೆ ಗುಳಿಬಿದ್ದ ರೋಗಿಯ ಮುಖವಾಗುತ್ತದೆ. ಬರೆದರೆ ಈ ದೋಷವಿಲ್ಲ, ಮುಖ ಮಾತ್ರ ತಣ್ಣಗಿರುತ್ತದೆ. ಮನುಷ್ಯನನ್ನು ಬಹುಪಾಲು ಹೋಲುತ್ತ ಸ್ವಲ್ಪದರಲ್ಲಿ ತಪ್ಪುವ ಮುಖ ನಮಗೆ ಅಳುಕು ಹುಟ್ಟಿಸುತ್ತದೆ ಎಂದು ಜಪಾನಿನ ಮಸಾಹಿರೊ ಮೋರಿ 1970ರಲ್ಲೇ ಬರೆದಿದ್ದರು. ರಂಗದ ಮೇಲಿನ ಬುನ್ರಾಕು ಗೊಂಬೆ ಹತ್ತಿರದಿಂದ ಮನುಷ್ಯನಂತಿಲ್ಲದಿದ್ದರೂ ದೂರದಲ್ಲಿ ಕೂತ ಪ್ರೇಕ್ಷಕನಿಗೆ ಜೀವಂತವೆನಿಸುತ್ತದೆ ಎಂದೂ ಅವರು ಗುರುತಿಸಿದ್ದರು. ಸೋಮನ ಕಣ್ಣುಗುಡ್ಡೆಗಳು ಅಷ್ಟು ದೊಡ್ಡದಾಗಿರುವುದು ಜನಜಂಗುಳಿಯ ಆಚೆ ತುದಿಯಲ್ಲಿ ನಿಂತವನಿಗೂ ಕಾಣಬೇಕಾದ್ದರಿಂದ ಇರಬೇಕು ಎಂಬುದು ನನ್ನ ಊಹೆ. ಅಂಗೈಯ ಗೊಂಬೆಯನ್ನು ಮಗು ಒಂದು ಗೇಣಿನ ದೂರದಿಂದ ನೋಡುತ್ತದೆ, ಅಲ್ಲಿ ಯಾವ ದೋಷವೂ ಮುಚ್ಚಿಹೋಗುವುದಿಲ್ಲ.

ಗೊಂಬೆಯಾಚೆಗೂ ಇಂಥ ಪ್ರಶ್ನೆಗಳಿವೆ. ಗಗನಯಾನದ ಮಾನವರಹಿತ ಹಾರಾಟಕ್ಕೆಂದು ಇಸ್ರೊ ರೂಪಿಸಿದ ಅರ್ಧದೇಹದ 'ವ್ಯೋಮಮಿತ್ರ'ಳನ್ನು 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಜನರ ಮುಂದೆ ತಂದರು. ಆಕೆಗೆ ಹೆಣ್ಣಿನ ಮುಖವಿದೆ. ಆ ಮುಖದ ಹಿಂದಿನ ತಲೆಬುರುಡೆಯನ್ನು ಮುಂದೆ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ತಯಾರಿಸಿದರು, ತೂಕ ಸುಮಾರು 800 ಗ್ರಾಂ. ರಾಕೆಟ್ಟಿನ ಕಂಪನ ತಡೆಯಬೇಕಾದ ಕೆಲಸ ಬುರುಡೆಯದು. ಗೊಂಬೆಯಲ್ಲೂ ಬಲವೆಲ್ಲ ಒಳಗಿನ ತಲೆಯಲ್ಲಿರಬೇಕು, ಮುಖ ಹಗುರವಾಗಿರಬೇಕು.

ದಾರವೋ, ಟಿಕ್ಕೋ?

ಮುಖವನ್ನು ತಲೆಗೆ ಹಿಡಿಸುವುದು ಹೇಗೆ ಎಂಬುದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ವರಮಹಾಲಕ್ಷ್ಮಿಯ ಬೆಳ್ಳಿ ಮುಖವನ್ನು ದಾರದಿಂದ ಕಟ್ಟುತ್ತಾರೆ. ಸೋಮನ ಮುಖವೂ ಕಟ್ಟುವುದೇ. ತಂತ್ರಜ್ಞಾನ ತಿಳಿಯದೆ ಹಾಗೆ ಮಾಡಿದ್ದಾರೆಂದು ಯಾರೂ ತಿಳಿಯಬಾರದು. ಒಂದು ತೆಂಗಿನಕಾಯಿ ಇನ್ನೊಂದರಂತಿರುವುದಿಲ್ಲ, ಒಬ್ಬ ಕುಣಿತಗಾರನ ತಲೆ ಇನ್ನೊಬ್ಬನದರಂತಿರುವುದಿಲ್ಲ. ಒಳಗಿನ ಅಳತೆ ಬದಲಾಗುವಲ್ಲಿ ದಾರವೇ ಸರಿ, ಎಷ್ಟು ಬೇಕೋ ಅಷ್ಟು ಬಿಗಿಯಬಹುದು. ಒಂದೇ ಅಚ್ಚಿನಿಂದ ಸಾವಿರಾರು ತಲೆಗಳು ಒಂದೇ ಅಳತೆಯಲ್ಲಿ ಬರುವಾಗ ಮಾತ್ರ 'ಟಿಕ್' ಎಂದು ಕೂರುವ ಜೋಡಣೆ ಸಾಧ್ಯ. ಪೆನ್ನಿನ ಕ್ಯಾಪು, ಊಟದ ಡಬ್ಬಿಯ ಮುಚ್ಚಳ ಎಲ್ಲವೂ ಹೀಗೇ. ತುಮಕೂರಿನಲ್ಲಿ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ನಡೆಯುತ್ತಿದ್ದ ಕಾಲವನ್ನು ಕಂಡವರಿಗೆ ಕೈಗಡಿಯಾರದ ಹಿಂಬದಿಯ ಒತ್ತು ಮುಚ್ಚಳ ನೆನಪಿರಬಹುದು. ಮುಚ್ಚಳದ ಅಂಚು ಕೂದಲೆಳೆಯಷ್ಟು ಹೆಚ್ಚಿರುತ್ತದೆ. ಒತ್ತಿದಾಗ ಅದು ತುಸು ಬಾಗಿ, ಗುಳಿಗೆ ಜಾರಿ, ಮತ್ತೆ ತನ್ನ ಆಕಾರಕ್ಕೆ ಮರಳುತ್ತದೆ. ನಮಗೆ ಕೇಳುವ ಟಿಕ್ ಆ ಮರಳುವಿಕೆಯ ಸದ್ದು. ಪಠ್ಯಪುಸ್ತಕದಲ್ಲಿ ಇದರ ಹೆಸರು ಸ್ಥಿತಿಸ್ಥಾಪಕತ್ವ.

ತೊಂದರೆಯೆಂದರೆ ಗೊಂಬೆ ಚಿಕ್ಕದಾದರೂ ಮಗುವಿನ ಬೆರಳಿನ ಬಲ ಚಿಕ್ಕದಾಗುವುದಿಲ್ಲ. ಮುಖದ ಹಿಂದಿನ ಗೂಟ ಮೂರು ಮಿಲಿಮೀಟರಿನಿಂದ ಒಂದಕ್ಕಿಳಿದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಒಂಬತ್ತನೇ ಒಂದು ಭಾಗವಾಗುತ್ತದೆ, ಎಳೆತ ತಡೆಯುವ ಶಕ್ತಿಯೂ ಅಷ್ಟೇ ಇಳಿಯುತ್ತದೆ. ಅದಕ್ಕಾಗಿ ತಲೆಯನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲೂ ಮುಖವನ್ನು ಬಾಗುವ ಮೆದು ಪಿವಿಸಿಯಲ್ಲೂ ಮಾಡುವುದುಂಟು. ಮುಖ ಮುರಿಯುವುದಿಲ್ಲ ನಿಜ, ಹೊಸ ಕಾಟ ಶುರುವಾಗುತ್ತದೆ. ಗಟ್ಟಿ ಮತ್ತು ಮೆದು ಪ್ಲಾಸ್ಟಿಕ್ಕುಗಳು ಒಂದೇ ಬಣ್ಣ ಬೆರೆಸಿದರೂ ಒಂದೇ ರೀತಿ ಕಾಣುವುದಿಲ್ಲ. ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣವಾಗಿರುವ ಗೊಂಬೆಗಳನ್ನು ನೋಡಿರುತ್ತೀರಿ. ಇನ್ನೊಂದು, ಕಂಪಾಸ್ ಪೆಟ್ಟಿಗೆಯಲ್ಲಿ ರಬ್ಬರನ್ನು ಪ್ಲಾಸ್ಟಿಕ್ ಸ್ಕೇಲಿನ ಮೇಲೆ ಬಿಟ್ಟರೆ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಸ್ಕೇಲಿಗೆ ಅಂಟಿಕೊಂಡು ಗುರುತು ಬಿದ್ದಿರುತ್ತದಲ್ಲ? ಆ ರಬ್ಬರು ಸಾಮಾನ್ಯವಾಗಿ ಮೆದು ಪಿವಿಸಿಯೇ. ಅದನ್ನು ಮೆದುವಾಗಿಡಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ಹೊರಗೆ ಜಿನುಗಿ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಮೆದು ಮುಖವನ್ನು ಗಟ್ಟಿ ತಲೆಗೆ ವರ್ಷಗಟ್ಟಲೆ ತೊಡಿಸಿಟ್ಟರೂ ಇಂಥದೇ ಆಗಬಹುದು.

ಅಯಸ್ಕಾಂತ ಬಳಸಿದರೆ ಈ ಯಾವ ತಾಪತ್ರಯವೂ ಇಲ್ಲ. ಗೂಟ ಬೇಡ, ಸವೆತವಿಲ್ಲ, ಹತ್ತಿರ ತಂದರೆ ಸಾಕು ಮುಖ ತಾನೇ ಹೋಗಿ ಕೂರುತ್ತದೆ. ಹವ್ಯಾಸಿ ಸಂಗ್ರಹಕಾರರ ದುಬಾರಿ ಗೊಂಬೆಗಳಲ್ಲಿ ಇದು ಚೆಂದ. ಆದರೆ ಚಿಕ್ಕ ಮಕ್ಕಳಿರುವ ಮನೆಗೆ ಅದನ್ನು ತರಲೇಬೇಡಿ. ಬಲವಾದ ಪುಟ್ಟ ಅಯಸ್ಕಾಂತಗಳು ಕಳಚಿಬಿದ್ದು ಮಗು ಎರಡನ್ನು ನುಂಗಿದರೆ ಅವು ಕರುಳಿನ ಎರಡು ಮಡಿಕೆಗಳ ಆಚೀಚೆಯಿಂದ ಒಂದನ್ನೊಂದು ಸೆಳೆದು ನಡುವಿನ ಗೋಡೆಯನ್ನು ಹಿಸುಕುತ್ತವೆ, ಕರುಳು ತೂತಾಗುತ್ತದೆ. ನುಂಗಿದ ಅನುಮಾನ ಬಂದರೂ ಮಲದಲ್ಲಿ ಹೋಗುತ್ತದೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಕಳಚುವ ಚಿಕ್ಕ ಭಾಗ ಜೀವ ತೆಗೆಯಬಲ್ಲದೆಂಬುದನ್ನು ಸಿನಿಮಾ ಗೊಂಬೆಗಳ ಲೋಕ ಬಹಳ ಕಹಿಯಾಗಿ ಕಲಿತಿದೆ. 1978ರಲ್ಲಿ ಮ್ಯಾಟೆಲ್ ಕಂಪನಿ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ'ದ ಆಟದ ಆಕಾಶನೌಕೆಗಳನ್ನು ಮಾರಿತು. ಗುಂಡಿ ಒತ್ತಿದರೆ ಅದರಿಂದ ಪುಟ್ಟ ಕ್ಷಿಪಣಿ ಹಾರುತ್ತಿತ್ತು. ಆ ಕ್ಷಿಪಣಿ ಗಂಟಲಲ್ಲಿ ಸಿಕ್ಕಿ ನಾಲ್ಕು ವರ್ಷದ ಬಾಲಕನೊಬ್ಬ ತೀರಿಕೊಂಡ. ಕೆನ್ನರ್ ಕಂಪನಿ 'ಸ್ಟಾರ್ ವಾರ್ಸ್'ನ ಬೋಬಾ ಫೆಟ್ ಗೊಂಬೆಗೆ ಯೋಜಿಸಿದ್ದ ಹಾರುವ ಕ್ಷಿಪಣಿಯನ್ನು ಕೈಬಿಟ್ಟು ಅಲುಗಾಡದಂತೆ ಅಂಟಿಸಿಯೇ ಮಾರಿತು. ಮೂರು ವರ್ಷದೊಳಗಿನವರ ಆಟಿಕೆಗಳಲ್ಲಿ ಸಣ್ಣ ಬಿಡಿಭಾಗಗಳನ್ನು ನಿಷೇಧಿಸುವ ನಿಯಮ ಅಮೆರಿಕದಲ್ಲಿ 1980ರ ಜನವರಿ 1ರಿಂದ ಜಾರಿಗೆ ಬಂತು.

ನಮ್ಮಲ್ಲಿ 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದು, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ನೋಂದಾಯಿತ ಕರಕುಶಲಕರ್ಮಿಗಳ ಆಟಿಕೆಗಳಿಗೆ ಮತ್ತು ಚನ್ನಪಟ್ಟಣದಂಥ ಭೌಗೋಳಿಕ ಗುರುತು ಪಡೆದವಕ್ಕೆ ವಿನಾಯಿತಿ ಕೊಟ್ಟರು. ಜಾತ್ರೆಯ ಅಂಗಡಿಯಲ್ಲಿ ರಾಶಿ ಹಾಕಿದ, ಮೇಲೆ ಯಾವ ಅಕ್ಷರವೂ ಇಲ್ಲದ ಪ್ಲಾಸ್ಟಿಕ್ ಯಂತ್ರಮಾನವ ಈ ಎರಡರಲ್ಲಿ ಯಾವುದಕ್ಕೂ ಸೇರಿದ್ದಲ್ಲ.

ಸಣ್ಣ ಭಾಗವೆಂದರೆ ಎಷ್ಟು ಸಣ್ಣದು? ಪರೀಕ್ಷೆಗೆ 31.7 ಮಿಲಿಮೀಟರು ಒಳವ್ಯಾಸದ ಕೊಳವೆಯೊಂದನ್ನು ಬಳಸುತ್ತಾರೆ. ಅದರ ತಳ ಓರೆ, ಆಳ ಒಂದು ಬದಿಗೆ 25.4, ಎದುರು ಬದಿಗೆ 57.1 ಮಿಲಿಮೀಟರು. ಒತ್ತದೆ ಬಿಟ್ಟಾಗ ಯಾವ ವಸ್ತು ಅದರೊಳಗೆ ಪೂರ್ತಿ ಅಡಗುತ್ತದೋ ಅದು ಸಣ್ಣ ಭಾಗ. ಗೊಂಬೆಯನ್ನು ಬೀಳಿಸಿ, ಎಳೆದು, ತಿರುಚಿ ಕಳಚಿಬಂದ ಚೂರುಗಳನ್ನೂ ಹೀಗೆ ಅಳೆಯುತ್ತಾರೆ. ಮನೆಯಲ್ಲಿ ಇದರ ಅಂದಾಜು ರೂಪ ಮಾಡಿಕೊಳ್ಳಬಹುದು. 31.7ನ್ನು 3.14ರಿಂದ ಗುಣಿಸಿದರೆ ಪರಿಧಿ ಬಹುಮಟ್ಟಿಗೆ 10 ಸೆಂಟಿಮೀಟರು. ಒಳಸುತ್ತು ಅಷ್ಟೇ ಬರುವಂತೆ ತೆಳು ರಟ್ಟಿನ ಪಟ್ಟಿಯನ್ನು ಸುತ್ತಿ ಅಂಟಿಸಿ. ಅದರಲ್ಲಿ ತೂರಿಹೋಗುವ ಯಾವ ಮುಖವೂ, ಹೆಲ್ಮೆಟ್ಟೂ, ಕೈಯೂ ತಂಗಿ ತಮ್ಮಂದಿರ ಕೈಗೆ ಸಿಗಬಾರದು. ಒಂಬತ್ತೂವರೆ ಸೆಂಟಿಮೀಟರು ಗೊಂಬೆಯ ಮುಖ ಕೊಳವೆಯ ಗೋಡೆಗೂ ತಾಗದೆ ಬೀಳುತ್ತದೆ. 'ಮೂರು ವರ್ಷದೊಳಗಿನ ಮಕ್ಕಳಿಗಲ್ಲ' ಎಂಬ ಸೂಚನೆ ಡಬ್ಬಿಯ ಮೇಲಿರುತ್ತದೆ, ಆದರೆ ಎಂಟನೆಯ ತರಗತಿಯ ಅಣ್ಣನ ಗೊಂಬೆಯ ಡಬ್ಬಿ ಎಂದೋ ಗುಜರಿಗೆ ಹೋಗಿರುತ್ತದೆ.

ಕೊಳ್ಳುವ ತಂದೆತಾಯಿಗಳಿಗೆ ಇನ್ನೊಂದು ಮಾತು. ಕಳಚುವ ಮುಖ ಎಂದಾದರೊಂದು ದಿನ ಕಳೆದೇ ಹೋಗುತ್ತದೆ. ಅಂಗಡಿಯಲ್ಲಿ ಮುಖ ತೆಗೆಸಿ ಒಳಗೆ ನೋಡಿ. ಚಪ್ಪಟೆ ಜಾಗ, ನಡುವೆ ಒಂದು ತೂತು ಮಾತ್ರ ಇದ್ದರೆ ಮುಖ ಕಳೆದ ದಿನವೇ ಗೊಂಬೆಯ ಆಟವೂ ಮುಗಿಯಿತು. ಒಳಗೆ ಪೂರ್ಣವಾಗಿ ಮಾಡಿದ ಯಂತ್ರದ ಮುಖವಿದ್ದರೆ ಹೊರಮುಖ ಕಳೆದ ಮೇಲೂ ಮಗುವಿನ ಕೈಯಲ್ಲಿ ಒಂದು ಇಡೀ ಯಂತ್ರಮಾನವ ಉಳಿದಿರುತ್ತದೆ.